10 ರೂಪಾಯಿ, 30 ದಿನ, 150 ಪದ: ಮಾಹಿತಿ ಹಕ್ಕು ನಿಂತಿರೋದು ಈ ಸಣ್ಣ ನಿಯಮಗಳ ಮೇಲೆ

2022ರ ಮೇ ತಿಂಗಳ ಕೊನೆ. ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದವರು ವಾಂತಿ-ಭೇದಿ ಅಂತ ಒಬ್ಬೊಬ್ಬರಾಗಿ ಆಸ್ಪತ್ರೆ ಸೇರತೊಡಗಿದರು. ಕೆಲವರು ಮನೆಗೆ ವಾಪಸ್ ಬರಲೇ ಇಲ್ಲ. ಅದು ಯಾವುದೋ ಹಳ್ಳದ ನೀರಲ್ಲ, ನಗರಸಭೆಯೇ ಪೈಪಿನಲ್ಲಿ ಬಿಟ್ಟ ನೀರು. ಆಮೇಲೆ ನಡೆಯಬೇಕಾದ್ದೆಲ್ಲ ನಡೆಯಿತು. ಪ್ರತಿಭಟನೆ ಆಯ್ತು, ಪರಿಹಾರ ಘೋಷಣೆ ಆಯ್ತು, ತನಿಖೆಗೆ ಆದೇಶವೂ ಆಯ್ತು. ರಾಂಪುರದ ನೀರು ಶುದ್ಧೀಕರಣ ಘಟಕವನ್ನು ಕೊನೆಯ ಸಲ ಸ್ವಚ್ಛ ಮಾಡಿದ್ದು ಯಾವಾಗ ಎನ್ನುವ ಪ್ರಶ್ನೆ ಆಗ ಎಲ್ಲರ ಬಾಯಲ್ಲೂ ಬಂತು.

ಮರುವರ್ಷ, 2023ರ ಮೇನಲ್ಲಿ, ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮತ್ತೆ ಕಲುಷಿತ ನೀರು. ಒಂದು ಮಗು ಸತ್ತಿತು, ಊರಿನ ಹತ್ತಾರು ಜನ ಆಸ್ಪತ್ರೆ ಸೇರಿದರು.

ಈ ಎರಡು ಘಟನೆಗಳ ಬಗ್ಗೆ ಯೋಚಿಸುವಾಗ ನನ್ನನ್ನು ಕಾಡುವುದು ಒಂದು ತೀರಾ ಸಾದಾ ಸಂಗತಿ. "ಟ್ಯಾಂಕ್ ತೊಳೆದದ್ದು ಯಾವಾಗ? ನೀರು ಪರೀಕ್ಷೆ ಮಾಡಿಸಿದ್ದು ಯಾವಾಗ? ವರದಿಯಲ್ಲಿ ಏನಿತ್ತು?" ಈ ಮೂರು ಪ್ರಶ್ನೆ ಕೇಳೋಕೆ ಯಾರೂ ಸಾಯಬೇಕಾಗಿಲ್ಲ. ನೀರು ಚೆನ್ನಾಗಿರುವಾಗಲೇ ಯಾರು ಬೇಕಾದರೂ ಕೇಳಬಹುದು. ಖರ್ಚು 10 ರೂಪಾಯಿ. ಉತ್ತರ ಕೊಡೋದಕ್ಕೆ ಸರ್ಕಾರಕ್ಕಿರುವ ಗಡುವು 30 ದಿನ.

ಮಾಹಿತಿ ಹಕ್ಕು ಕಾಯ್ದೆ ಅಂತ ಒಂದಿದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಆ ಹಕ್ಕು ನಿಜವಾಗಿ ಓಡಾಡುವುದು ಕಾಯ್ದೆಯ ಪೀಠಿಕೆಯಲ್ಲಿರುವ ದೊಡ್ಡ ಮಾತುಗಳ ಮೇಲಲ್ಲ. ಶುಲ್ಕ ಎಷ್ಟು, ದಿನ ಎಷ್ಟು, ಪದ ಎಷ್ಟು, ಉತ್ತರ ಬರದಿದ್ದರೆ ಏನು ಎನ್ನುವ ಸಣ್ಣ ಸಣ್ಣ ನಿಯಮಗಳ ಮೇಲೆ. ಹಕ್ಕನ್ನು ಗಟ್ಟಿ ಮಾಡೋದೂ ಅವೇ, ಸದ್ದಿಲ್ಲದೆ ಸಡಿಲ ಮಾಡೋದೂ ಅವೇ. ಅದಕ್ಕೇ ಅವನ್ನು ಒಂದೊಂದಾಗಿ ಬಿಚ್ಚಿ ನೋಡೋಣ.

ಕಾಯ್ದೆ ಬಂದರೆ ಸಾಲದು

ಸರ್ಕಾರದ ಬಳಿ ಇರುವ ಮಾಹಿತಿ ತಿಳಿಯುವುದು ಪ್ರಜೆಯ ಹಕ್ಕು ಅಂತ ಸುಪ್ರೀಂ ಕೋರ್ಟ್ 1975ರ ರಾಜ್ ನಾರಾಯಣ್ ಪ್ರಕರಣದಲ್ಲೇ ಹೇಳಿತ್ತು. ಆದರೆ ಕೋರ್ಟ್ ಹೇಳಿದ ಮಾತ್ರಕ್ಕೆ ಪಂಚಾಯಿತಿ ಕಚೇರಿಯ ಬೀರು ತೆರೆಯಲಿಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಹಾಜರಿ ಪಟ್ಟಿ ತೋರಿಸಿ, ಬಿಲ್ಲು ತೋರಿಸಿ ಅಂತ ಪಟ್ಟು ಹಿಡಿದರು. ಜನಸುನ್ವಾಯಿಗಳಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ, ಸತ್ತವರ ಹೆಸರಲ್ಲಿ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು. ಅಲ್ಲಿಂದ ಹುಟ್ಟಿದ ಒತ್ತಡವೇ ಬೆಳೆದು 2005ರ ಕೇಂದ್ರ ಕಾಯ್ದೆಯಾಯಿತು. ಆ ವರ್ಷದ ಅಕ್ಟೋಬರ್ 12ರಿಂದ ಅದು ಪೂರ್ತಿಯಾಗಿ ಜಾರಿಗೆ ಬಂತು.

ಕರ್ನಾಟಕ ಅದಕ್ಕೂ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಆದರೆ ನಿಯಮಗಳು ಸಿದ್ಧವಾಗಿ ಅದು ಜಾರಿಯಾಗುವ ಹೊತ್ತಿಗೆ 2002 ಬಂದಿತ್ತು. ಅಷ್ಟು ದಿನ ಕಾಯ್ದೆ ಇತ್ತು, ಆದರೆ ಅರ್ಜಿ ಹಾಕೋಕೆ ದಾರಿ ಇರಲಿಲ್ಲ.

ಇಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಹೊಳೆಯುತ್ತೆ. ಕಾಯ್ದೆ ಅಂದರೆ ಡಿಸೈನ್. ನಿಯಮ ಅಂದರೆ ಕೋಡ್. ಡಿಸೈನ್ ಎಷ್ಟೇ ಚೆಂದ ಇರಲಿ, ಓಡೋದು ಕೋಡ್. 2005ರ ಕಾಯ್ದೆಯ ಸೆಕ್ಷನ್ 27 ಈ ಕೋಡ್ ಬರೆಯುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಹಾಗೆ ಬಂದದ್ದು ಕರ್ನಾಟಕ ಮಾಹಿತಿ ಹಕ್ಕು ನಿಯಮಗಳು, 2005.

ಯರಗೇರಾದಿಂದ ಒಂದು ಅರ್ಜಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ದಾರಿಯಲ್ಲಿ ಯರಗೇರಾ ಸಿಗುತ್ತದೆ. ಹೋಬಳಿ ಕೇಂದ್ರ. ರಾಯಚೂರು ವಿಶ್ವವಿದ್ಯಾಲಯ, ಅಂದರೆ ಈಗ ಮಹರ್ಷಿ ವಾಲ್ಮೀಕಿ ಹೆಸರು ಹೊತ್ತಿರುವ ವಿ.ವಿ., ಇರುವುದೂ ಇಲ್ಲೇ. ಅಲ್ಲಿ ಎಂ.ಎ. ಓದುವ ಒಬ್ಬ ವಿದ್ಯಾರ್ಥಿನಿ ತಾನು ಬಾಡಿಗೆಗಿರುವ ಓಣಿಯ ನೀರಿನ ಲೆಕ್ಕ ಕೇಳಬೇಕು ಅಂತ ಹೊರಟಳು ಅಂದುಕೊಳ್ಳಿ. ಅವಳ ಅರ್ಜಿಯ ಜೊತೆ ನಾವೂ ಹೆಜ್ಜೆ ಹಾಕೋಣ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಪಿಡಿಒ. ಅರ್ಜಿಗೆ ನಮೂನೆ 'ಎ' ಅಂತ ಒಂದು ಫಾರಂ ಇದೆ, ಬಿಳಿ ಹಾಳೆಯಲ್ಲಿ ಅದೇ ವಿವರ ಬರೆದುಕೊಟ್ಟರೂ ನಡೆಯುತ್ತೆ. ಶುಲ್ಕ 10 ರೂಪಾಯಿ: ನಗದು ಕೊಟ್ಟರೆ ರಸೀದಿ ಕೇಳಿ, ಇಲ್ಲವೇ ಪೋಸ್ಟ್ ಆಫೀಸಿನಲ್ಲಿ ಐಪಿಒ ಖರೀದಿಸಿ ಲಗತ್ತಿಸಿ. ಬಡತನ ರೇಖೆಗಿಂತ ಕೆಳಗಿನವರಾದರೆ ಶುಲ್ಕವೇ ಇಲ್ಲ, ದಾಖಲೆ ಲಗತ್ತಿಸಿದರೆ ಸಾಕು. ಜೆರಾಕ್ಸ್ ಪ್ರತಿಗೆ ಪುಟಕ್ಕೆ 2 ರೂಪಾಯಿ.

"ಇದು ನಿನಗ್ಯಾಕ ಬೇಕವ್ವ?" ಅಂತ ಯಾರಾದರೂ ಕೇಳಿದರೆ ಕಾರಣ ಹೇಳಬೇಕಾಗಿಲ್ಲ. ಸೆಕ್ಷನ್ 6(2) ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಂಪರ್ಕಕ್ಕೆ ವಿಳಾಸ ಸಾಕು. ಅರ್ಜಿ ಕನ್ನಡದಲ್ಲೇ ಇರಬಹುದು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯ. ತಪ್ಪು ಕಚೇರಿಗೆ ಅರ್ಜಿ ಹಾಕಿದಿರಿ ಅಂದುಕೊಳ್ಳಿ. "ಇದು ನಮ್ಮಲ್ಲಿ ಬರಂಗಿಲ್ರೀ, ತಾಲ್ಲೂಕ ಆಫೀಸಿಗೆ ಹೋಗ್ರಿ" ಅಂತ ಓಡಿಸುವಂತಿಲ್ಲ. 5 ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು.

ಈ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಹಳೇ ಅನುಭವ ಇದೆ. ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದವರ ಅನುಭವ. ಅಲೆಸುವ ಒಂದೊಂದು ಉಪಾಯಕ್ಕೂ ಒಂದೊಂದು ಬಾಗಿಲು ಹಾಕಿದಂತೆ ಇವನ್ನು ಬರೆಯಲಾಗಿದೆ.

150 ಪದದ ಇಕ್ಕಟ್ಟು

ಆದರೆ ಎಲ್ಲ ನಿಯಮವೂ ಜನರ ಪರ ಬರೆದದ್ದಲ್ಲ. 2008ರಲ್ಲಿ ಕರ್ನಾಟಕ ತನ್ನ ನಿಯಮಗಳಿಗೆ 14ನೇ ನಿಯಮ ಸೇರಿಸಿತು. ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹೆಚ್ಚು ವಿಷಯ ಕೇಳಿದರೆ ಅಧಿಕಾರಿ ಮೊದಲನೆಯದಕ್ಕೆ ಮಾತ್ರ ಉತ್ತರಿಸಿ, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಹೋಲಿಕೆಗೆ ನೋಡಿ: ಕೇಂದ್ರ ಸರ್ಕಾರದ 2012ರ ನಿಯಮಗಳಲ್ಲಿ ಮಿತಿ 500 ಪದ. ಅದಕ್ಕಿಂತ ಹೆಚ್ಚಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಅಂತಲೂ ಅಲ್ಲಿದೆ.

ಹಕ್ಕು ಒಂದೇ, ಕಾಯ್ದೆ ಒಂದೇ. ಆದರೆ ದೆಹಲಿಯ ಇಲಾಖೆಗೆ ಬರೆಯುವಾಗ ನಿಮಗೆ 500 ಪದ, ಯರಗೇರಾ ಪಂಚಾಯಿತಿಗೆ ಬರೆಯುವಾಗ 150. ವಿಧಾನಸಭೆಯಲ್ಲಿ ಕಾಯ್ದೆ ತಿದ್ದಿದರೆ ಗದ್ದಲ ಆಗುತ್ತೆ. ಗೆಜೆಟ್‌ನಲ್ಲಿ ಒಂದು ನಿಯಮ ಸೇರಿಸಿದರೆ ಬಹಳಷ್ಟು ಜನಕ್ಕೆ ಗೊತ್ತೇ ಆಗಲ್ಲ.

ಹಾಗಂತ ಕೈಚೆಲ್ಲಬೇಕಾಗಿಲ್ಲ. 'ಸಾಮಾನ್ಯವಾಗಿ' ಎಂಬ ಪದ ಆ ನಿಯಮದಲ್ಲೇ ಇದೆ, ಮೇಲ್ಮನವಿಯಲ್ಲಿ ಅದನ್ನು ಎತ್ತಿ ತೋರಿಸಬಹುದು. ಅದಕ್ಕಿಂತ ಜಾಣತನ ಅಂದರೆ ಚುಟುಕಾಗಿ ಬರೆಯೋದು. ನಮ್ಮ ವಿದ್ಯಾರ್ಥಿನಿಯ ಅರ್ಜಿ ಹೀಗಿರಬಹುದು:

*ವಿಷಯ: ಯರಗೇರಾ ಗ್ರಾಮದ ಕುಡಿಯುವ ನೀರಿನ ದಾಖಲೆಗಳು. ಅವಧಿ: 01-04-2025ರಿಂದ ಈ ಅರ್ಜಿಯ ದಿನಾಂಕದವರೆಗೆ.*
*1. ಗ್ರಾಮದ ನೀರಿನ ಟ್ಯಾಂಕ್‌ಗಳನ್ನು ಸ್ವಚ್ಛಗೊಳಿಸಿದ ದಿನಾಂಕಗಳಿರುವ ವಹಿಯ ದೃಢೀಕೃತ ನಕಲು.*
*2. ನೀರಿನ ಗುಣಮಟ್ಟ ಪರೀಕ್ಷಾ ವರದಿಗಳ ನಕಲು.*
*3. ಬ್ಲೀಚಿಂಗ್ ಪೌಡರ್ ಖರೀದಿಯ ಬಿಲ್ಲು ಮತ್ತು ದಾಸ್ತಾನು ವಹಿಯ ನಕಲು.*
*4. ನೀರು ಕುಡಿಯಲು ಯೋಗ್ಯವಲ್ಲ ಎಂಬ ವರದಿ ಬಂದಿದ್ದಲ್ಲಿ, ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ನಕಲು.*

ಒಂದೇ ವಿಷಯ, 150 ಪದದ ಅರ್ಧವೂ ಆಗಲಿಲ್ಲ. ಗಮನಿಸಿ, "ಯಾಕೆ ತೊಳೆದಿಲ್ಲ?" ಅಂತ ಇಲ್ಲಿ ಕೇಳಿಲ್ಲ. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನು ಕೊಡಬೇಕು, ಇಲ್ಲದ್ದನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. 'ಯಾಕೆ' ಅಂತ ಕೇಳಿದರೆ ಒಂದು ಸಾಲಿನ ಹಿಂಬರಹ ಬರುತ್ತೆ. 'ವಹಿ ಕೊಡಿ' ಅಂತ ಕೇಳಿದರೆ ವಹಿ ಬರಬೇಕು.

ಮೂರನೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಟ್ಯಾಂಕ್ ತಿಂಗಳಿಗೊಮ್ಮೆ ತೊಳೆದಿದ್ದೇವೆ ಅಂತ ಒಂದು ವಹಿ ಹೇಳಬಹುದು. ಬ್ಲೀಚಿಂಗ್ ಪೌಡರ್ ಖರೀದಿಯೇ ಆಗಿಲ್ಲ ಅಂತ ಇನ್ನೊಂದು ಹೇಳಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸತ್ಯ ತಾನಾಗಿಯೇ ಹೊರಗೆ ಬರುತ್ತೆ. "ಸದರಿ ದಾಖಲೆ ಲಭ್ಯವಿಲ್ಲ" ಅಂತ ಉತ್ತರ ಬಂದರೆ? ಅದೂ ಸಹಿ, ಮೊಹರು ಇರುವ ಒಂದು ದಾಖಲೆಯೇ. ಗ್ರಾಮಸಭೆಯಲ್ಲಿ ಎದ್ದು ನಿಂತು ಓದಬಹುದು.

"ಕಡತ ಕಳೆದುಹೋಗಿದೆ" ಅನ್ನುವ ಉತ್ತರಕ್ಕೂ ಕಾಯ್ದೆಯಲ್ಲಿ ಜಾಗ ಇಲ್ಲ. ಮಾಹಿತಿ ನಿರಾಕರಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ಅದು ಇಲ್ಲ, ಕಳೆದುಹೋದ ಕಡತವನ್ನು ಹುಡುಕಿಸಬೇಕು, ಹೊಣೆ ಗೊತ್ತುಮಾಡಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಸಾರ್ವಜನಿಕ ದಾಖಲೆಗಳನ್ನು ಕಾಪಾಡುವುದಕ್ಕೇ ಅಂತ 2010ರ ಪ್ರತ್ಯೇಕ ಕಾಯ್ದೆಯೂ ಇದೆ.

ಕಾಗದ ಮಾತ್ರ ಅಲ್ಲ, ಸ್ಯಾಂಪಲ್ಲೂ ಮಾಹಿತಿಯೇ

ಬಹಳ ಮಂದಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕಾಯ್ದೆಯ ಪ್ರಕಾರ 'ಮಾಹಿತಿ' ಅಂದರೆ ಕಾಗದ ಮಾತ್ರವಲ್ಲ. ಲಾಗ್‌ಬುಕ್, ಗುತ್ತಿಗೆ ಕರಾರು, ಇ-ಮೇಲ್, ಅಭಿಪ್ರಾಯ, ಸಲಹೆ, ಮಾದರಿ ಎಲ್ಲವೂ ಮಾಹಿತಿ. ಕಡತವನ್ನು ಕಚೇರಿಯಲ್ಲೇ ಕೂತು ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು. ನಡೆಯುತ್ತಿರುವ ಕಾಮಗಾರಿಯ ಸ್ಥಳಕ್ಕೇ ಹೋಗಿ ಪರಿಶೀಲಿಸಬಹುದು. ಬಳಸುತ್ತಿರುವ ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ಕೂಡ ಕೇಳಬಹುದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಕೆಲಸ ಕಡಿಮೆ ಇಲ್ಲ. ಮಾನ್ವಿ ಭಾಗದ ರೈತರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ಮೇಲ್ಭಾಗದಲ್ಲಿ ಎಷ್ಟು ನೀರು ಹೋಯಿತು, ತಮ್ಮ ವಿತರಣಾ ಕಾಲುವೆಗೆ ಎಷ್ಟು ಬಂತು ಅನ್ನೋದು ನೀರಾವರಿ ಕಚೇರಿಯ ಗೇಜ್ ರಿಜಿಸ್ಟರ್‌ನಲ್ಲಿ ಇರುತ್ತೆ. ದೇವದುರ್ಗದಲ್ಲಿ ಕೃಷ್ಣಾ ನದಿಯ ಮರಳಿನದ್ದು ಮುಗಿಯದ ಕಥೆ. ಯಾವ ಬ್ಲಾಕ್‌ಗೆ ಎಷ್ಟು ಟನ್‌ಗೆ ಅನುಮತಿ, ಎಷ್ಟು ಪರ್ಮಿಟ್ ವಿತರಣೆ ಎನ್ನುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ದಾಖಲೆ. ವಿ.ವಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಮೌಲ್ಯಮಾಪನ ಆದ ನಿಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ನಿಮಗಿದೆ ಅಂತ ಹೇಳಿದ್ದೂ ಅದೇ 2011ರ ತೀರ್ಪು.

ಉತ್ತರ ಬರದಿದ್ದರೆ

ಮಾಹಿತಿ ಹಕ್ಕು ನಿಯಮಗಳಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಸಾಮಾನ್ಯವಾಗಿ ಸರ್ಕಾರಿ ಕಚೇರಿಯ ದೊಡ್ಡ ಅಸ್ತ್ರ ಅಂದರೆ ಮೌನ. ಇಲ್ಲ ಅನ್ನೋದೂ ಇಲ್ಲ, ಹೂಂ ಅನ್ನೋದೂ ಇಲ್ಲ. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳಿ ಬರ್ರಿ." ಲಿಖಿತ ನಿರಾಕರಣೆ ಇಲ್ಲದಿದ್ದರೆ ಮೇಲ್ಮನವಿ ಯಾವುದರ ಮೇಲೆ ಹಾಕ್ತೀರಿ?

2005ರ ಕಾಯ್ದೆ ಈ ಮೌನಕ್ಕೆ ಒಂದು ಅರ್ಥ ಕೊಟ್ಟಿತು. 30 ದಿನದೊಳಗೆ ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಅಂತಲೇ ಭಾವಿಸಬೇಕು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಇದೊಂದು ಟೈಮ್‌ಔಟ್. ಸಿಸ್ಟಂ ಹ್ಯಾಂಗ್ ಆಗೋಕೆ ಬಿಡದೆ ಮುಂದಿನ ಹಂತಕ್ಕೆ ದೂಡುತ್ತೆ. ಅಷ್ಟೇ ಅಲ್ಲ, ಗಡುವು ಮೀರಿದರೆ ಆಮೇಲೆ ಎಷ್ಟೇ ಪುಟವಿದ್ದರೂ ಪ್ರತಿಗಳನ್ನು ಪುಕ್ಕಟೆಯಾಗಿ ಕೊಡಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲೇ ಕೊಡಬೇಕು. ಇದನ್ನು ಅಧಿಕಾರಿಗಳು ಬಹಳ ಬಿಗಿಯಾಗಿ ಅರ್ಥ ಮಾಡುತ್ತಾರೆ. ಆದರೆ ಊರಲ್ಲಿ ಜನ ನೀರು ಕುಡಿದು ಮಲಗಿರುವಾಗ ಪರೀಕ್ಷಾ ವರದಿ ಕೇಳಿದರೆ, ಅದು ಜೀವದ ಪ್ರಶ್ನೆಯಲ್ಲ ಅಂತ ವಾದಿಸುವುದು ಸುಲಭವಲ್ಲ.

ಮುಂದಿನ ಹಂತ ಪ್ರಥಮ ಮೇಲ್ಮನವಿ. ಗಡುವು ಮುಗಿದ ಅಥವಾ ಉತ್ತರ ಸಿಕ್ಕ 30 ದಿನದೊಳಗೆ ಹಾಕಬೇಕು. ಪಂಚಾಯಿತಿ ವಿಷಯವಾದರೆ ತಾಲ್ಲೂಕು ಪಂಚಾಯಿತಿ ಇಒಗೆ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೂ ಇರುವುದರಿಂದ ಎಲ್ಲದಕ್ಕೂ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಮಾಹಿತಿ ಕೊಡದಿದ್ದದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಅಧಿಕಾರಿಯದ್ದು, ನಿಮ್ಮದಲ್ಲ. ಸಕಾರಣವಿಲ್ಲದೆ ತಡಮಾಡಿದರೆ ಆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ. ಅದನ್ನು ಇಲಾಖೆ ಕಟ್ಟುವುದಿಲ್ಲ, ಅವರ ಜೇಬಿನಿಂದಲೇ ಹೋಗಬೇಕು.

ಒಂದು ಎಚ್ಚರಿಕೆ. ನೇರವಾಗಿ ಆಯೋಗಕ್ಕೆ ಸೆಕ್ಷನ್ 18ರ ದೂರು ಬರೆಯುವ ಅಭ್ಯಾಸ ಹಲವರಿಗಿದೆ. ದೂರಿನ ಮೇಲೆ ಆಯೋಗ ದಂಡ ಹಾಕಬಹುದು, ಆದರೆ ಮಾಹಿತಿ ಕೊಡಿಸಲಾಗದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಬೇಕಾದ್ದು ದಾಖಲೆಯಾದರೆ ಸೆಕ್ಷನ್ 19ರ ಮೇಲ್ಮನವಿಯ ದಾರಿಯಲ್ಲೇ ಹೋಗಿ.

ಕೇಳದೆಯೇ ಹೇಳಬೇಕಾದ್ದು

ಇಷ್ಟೆಲ್ಲ ಓದಿ "ಒಂದು ಟ್ಯಾಂಕಿನ ಲೆಕ್ಕಕ್ಕೆ ಇಷ್ಟೊಂದು ಪಡಿಪಾಟಲೇ?" ಅನ್ನಿಸಿದ್ದರೆ ಅದು ಸರಿಯಾದ ಪ್ರಶ್ನೆ. ಅರ್ಜಿ ಹಾಕೋದು ಕಾಯ್ದೆ ಬಯಸಿದ ಮೊದಲ ದಾರಿ ಅಲ್ಲವೇ ಅಲ್ಲ. ಸೆಕ್ಷನ್ 4(1)(ಬಿ) ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ 17 ಅಂಶಗಳ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು: ಯಾರ ಅಧಿಕಾರ ಏನು, ಬಜೆಟ್ ಎಷ್ಟು, ಖರ್ಚು ಎಷ್ಟು, ಸಬ್ಸಿಡಿ ಯಾರಿಗೆ ಹೋಯಿತು, ರಿಯಾಯಿತಿ-ಪರವಾನಗಿ ಯಾರಿಗೆ ಸಿಕ್ಕಿತು, ಸಂಬಳ ಎಷ್ಟು. ಅದೂ ಸ್ಥಳೀಯ ಭಾಷೆಯಲ್ಲಿ, ನೋಟಿಸ್ ಬೋರ್ಡ್, ಪತ್ರಿಕೆ, ಡಂಗುರ, ಇಂಟರ್ನೆಟ್ ಹೀಗೆ ಜನರಿಗೆ ತಲುಪುವ ಯಾವ ಬಗೆಯಲ್ಲಾದರೂ. ಜನ ಅರ್ಜಿ ಹಾಕುವ ಅಗತ್ಯ ಆದಷ್ಟು ಕಡಿಮೆಯಾಗಬೇಕು ಅನ್ನೋದೇ ಈ ಸೆಕ್ಷನ್‌ನ ಉದ್ದೇಶ. ಇದು ಸರಿಯಾಗಿ ಪಾಲನೆಯಾಗುತ್ತಿಲ್ಲ, ಮಾಹಿತಿ ಆಯೋಗಗಳು ಇದರ ಮೇಲೆ ಕಣ್ಣಿಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಮತ್ತೆ ಹೇಳಬೇಕಾಗಿ ಬಂತು.

ಕೆಲವು ಬಾಗಿಲು ಈಗಾಗಲೇ ತೆರೆದಿವೆ, ನಾವೇ ಇಣುಕಿಲ್ಲ. ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಪೋರ್ಟಲ್‌ನಲ್ಲಿ ಹಲವು ಇಲಾಖೆಗಳ ಯೋಜನೆಯ ವಿವರ ಊರಿನ ಮಟ್ಟದವರೆಗೆ ಸಿಗುತ್ತೆ, ಅರ್ಜಿ ಬೇಡ, ಲಾಗಿನ್ ಬೇಡ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯಲ್ಲೇ ಕಿಟ್ ಬಳಸಿ ನೀರು ಪರೀಕ್ಷಿಸಲು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ, ಪರೀಕ್ಷೆಯ ಫಲಿತಾಂಶ ಆನ್‌ಲೈನ್‌ನಲ್ಲಿ ಹಾಕಬೇಕು. ನಿಮ್ಮೂರಿನ ಹೆಸರಲ್ಲಿ ಅಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ಇನ್ನೊಂದು ನಮ್ಮದೇ ಹಳೇ ಬಾಗಿಲು: ಜಮಾಬಂದಿ. ಕರ್ನಾಟಕದಲ್ಲಿ 2000ದಲ್ಲೇ ಪಂಚಾಯಿತಿ ಜಮಾಬಂದಿ ನಿಯಮಗಳು ಬಂದವು. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ, ವಹಿ, ಕಾಮಗಾರಿಗಳನ್ನು ಹೊರಗಿನ ಅಧಿಕಾರಿಯೊಬ್ಬರು ಜನರ ಮುಂದೆಯೇ ಪರಿಶೀಲಿಸಬೇಕು, ಕಾಮಗಾರಿ ನಡೆದ ಸ್ಥಳಕ್ಕೂ ಹೋಗಬೇಕು. ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತೆ. 10 ರೂಪಾಯಿಯೂ ಬೇಕಿಲ್ಲ, ಹೋಗಿ ನಿಂತು ಕೇಳಿದರಾಯ್ತು. ಆದರೆ ಜನ ಹೋಗದಿದ್ದರೆ ಏನಾಗುತ್ತೆ? ನಾಲ್ಕು ಕುರ್ಚಿ, ಒಂದು ಬ್ಯಾನರ್, ಒಂದು ಫೋಟೊ, ಮುಗೀತು.

ದುರುಪಯೋಗದ ಮಾತು

"ಆರ್‌ಟಿಐ ಹಾಕೋರೆಲ್ಲ ಬ್ಲ್ಯಾಕ್‌ಮೇಲ್ ಗಿರಾಕಿಗಳು." ಯಾವ ಕಚೇರಿಗೆ ಹೋದರೂ ಈ ಮಾತು ಕೇಳುತ್ತೀರಿ. ಇದು ಪೂರ್ತಿ ಸುಳ್ಳಲ್ಲ ಅಂತ ಒಪ್ಪಿಕೊಳ್ಳಬೇಕು. ಅರ್ಜಿ ಹಾಕಿ, ಮಾಹಿತಿ ತೆಗೆದುಕೊಳ್ಳದೆ, ದುಡ್ಡು ತೆಗೆದುಕೊಂಡು ಹೋಗುವವರು ಇದ್ದಾರೆ. ನೂರಾರು ಅರ್ಜಿಗಳಿಗೆ ಜೆರಾಕ್ಸ್ ಮಾಡಿಸುತ್ತಾ ಕೂರುವ ಪಿಡಿಒಗಳ ಸಂಕಟವೂ ನಿಜ. ಕೆಲವು ಅರ್ಜಿದಾರರನ್ನು ಕಪ್ಪುಪಟ್ಟಿಗೆ ಸೇರಿಸುವ ಆದೇಶಗಳೂ ನಮ್ಮ ರಾಜ್ಯದ ಆಯೋಗದಿಂದ ಬಂದಿವೆ.

ಆದರೆ ಒಂದು ಲೆಕ್ಕ ಹಾಕಿ. ಬ್ಲ್ಯಾಕ್‌ಮೇಲ್‌ಗೆ ಬೆಲೆ ಬರೋದು ಯಾವಾಗ? ಮಾಹಿತಿ ಬೀರುವಿನೊಳಗೆ ಇದ್ದಾಗ. ಅದೇ ಬಿಲ್ಲು, ಅದೇ ಅಳತೆ ಪುಸ್ತಕ ಪಂಚಾಯಿತಿ ಗೋಡೆ ಮೇಲೆ, ವೆಬ್‌ಸೈಟ್ ಮೇಲೆ ಎಲ್ಲರಿಗೂ ಕಾಣುವಂತೆ ಇದ್ದರೆ ಮಾರಾಟ ಮಾಡೋಕೆ ಏನೂ ಉಳಿಯಲ್ಲ. ದುರುಪಯೋಗಕ್ಕೆ ಮದ್ದು ಸೆಕ್ಷನ್ 4ರಲ್ಲೇ ಇದೆ. ಅದನ್ನು ಪಾಲಿಸದ ಕಚೇರಿಯೊಂದು ಅರ್ಜಿದಾರರ ಮೇಲೆ ಮಾತ್ರ ಗೂಬೆ ಕೂರಿಸಿದರೆ ಅದು ಅರ್ಧ ಸತ್ಯ.

ಇನ್ನರ್ಧ ಏನೆಂದರೆ, ಮಾಹಿತಿ ಕೇಳಿದ್ದಕ್ಕೆ ಹಲ್ಲೆಗೊಳಗಾದವರು, ಜೀವ ಕಳೆದುಕೊಂಡವರು ಈ ದೇಶದಲ್ಲಿ ಇದ್ದಾರೆ. ಮರಳು, ಗುತ್ತಿಗೆ, ಜಮೀನಿನಂಥ ವಿಷಯ ಕೇಳುವಾಗ ಒಬ್ಬರೇ ಹೋಗಬೇಡಿ. ನಾಲ್ಕೈದು ಜನ ಅದೇ ಅರ್ಜಿಯನ್ನು ಬೇರೆ ಬೇರೆಯಾಗಿ ಹಾಕಿ.

ಸಡಿಲಗೊಂಡ ಎರಡು ತಿರುಪು

ಕಾಯ್ದೆಯನ್ನು ರದ್ದು ಮಾಡುತ್ತೇವೆ ಅಂತ ಯಾವ ಸರ್ಕಾರವೂ ಹೇಳಲ್ಲ. ತಿರುಪು ಸಡಿಲ ಮಾಡಿದರೆ ಸಾಕಲ್ಲ.

ಮೊದಲನೆಯದು 2019ರ ತಿದ್ದುಪಡಿ. ಅದುವರೆಗೆ ಮಾಹಿತಿ ಆಯುಕ್ತರ ಅವಧಿ 5 ವರ್ಷ ಅಂತ ಕಾಯ್ದೆಯಲ್ಲೇ ಬರೆದಿತ್ತು. ಈಗ ಅವಧಿ, ಸಂಬಳ ಎಲ್ಲವನ್ನೂ ಕೇಂದ್ರ ಸರ್ಕಾರ ನಿಯಮದ ಮೂಲಕ ಗೊತ್ತುಮಾಡುತ್ತೆ. ಅದೇ ವರ್ಷದ ನಿಯಮಗಳು ಅವಧಿಯನ್ನು 3 ವರ್ಷಕ್ಕಿಳಿಸಿದವು. ರಾಜ್ಯದ ಆಯುಕ್ತರಿಗೂ ಇದೇ ಅನ್ವಯ. ಸರ್ಕಾರದಿಂದ ಮಾಹಿತಿ ಕೊಡಿಸಬೇಕಾದವರ ಅವಧಿ, ಸಂಬಳ ಸರ್ಕಾರದ ಕೈಯಲ್ಲೇ. ಇದರ ಜೊತೆಗೆ ಬಾಕಿ ಪ್ರಕರಣಗಳ ರಾಶಿ. ಕರ್ನಾಟಕ ಆಯೋಗದ ಮುಂದೆ ಹತ್ತಾರು ಸಾವಿರ ಮೇಲ್ಮನವಿಗಳು ಕಾಯುತ್ತಿವೆ. 30 ದಿನ, 45 ದಿನ ಅಂತ ಕೆಳಗಿನ ಹಂತಕ್ಕೆಲ್ಲ ಗಡುವು ಹಾಕಿದ ಕಾಯ್ದೆ, ಆಯೋಗಕ್ಕೆ ಮಾತ್ರ ಗಡುವು ಹಾಕಿಲ್ಲ. ಮೇಲೆ ಹೇಳಿದ ಟೈಮ್‌ಔಟ್ ಕೆಲಸ ಮಾಡದಿರುವ ಒಂದೇ ಹಂತ ಇದು. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ.

ಎರಡನೆಯದು ಇನ್ನೂ ಹೊಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನು ಬದಲಿಸಿತು. ಅದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ. ಹಿಂದೆ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧ ಇಲ್ಲ, ಅಥವಾ ಕೊಟ್ಟರೆ ಖಾಸಗಿತನಕ್ಕೆ ಅನಗತ್ಯ ಧಕ್ಕೆ ಅಂತ ತೋರಿಸಬೇಕಿತ್ತು. ಸಂಸತ್ತಿಗೆ, ಶಾಸಕಾಂಗಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಅನ್ನುವ ಮಾತೂ ಅಲ್ಲಿತ್ತು. ಈಗ ಆ ಷರತ್ತುಗಳೆಲ್ಲ ಹೋಗಿ, 'ವೈಯಕ್ತಿಕ ಮಾಹಿತಿ' ಅನ್ನುವಷ್ಟೇ ಸಾಕಾಗಿದೆ.

ಇದು ದೆಹಲಿಯ ವಿಷಯ ಅಂತ ಬಿಡಬೇಡಿ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಲ್ಲಿ ಇರುವುದು ಏನು? ಹೆಸರು, ದಿನ, ಕೂಲಿ. ಸಂಸತ್ತು 2025ರ ಡಿಸೆಂಬರ್‌ನಲ್ಲಿ 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಬೇರೆ ಕಾಯ್ದೆ ತಂದಿದೆ. ಕಾಯ್ದೆ ಯಾವುದಿರಲಿ, ಕೆಲಸಕ್ಕೆ ಬಾರದವರ ಹೆಸರಲ್ಲಿ ಕೂಲಿ ಎತ್ತಿದ್ದಾರಾ ಅಂತ ತಿಳಿಯಲು ಹೆಸರುಗಳೇ ಬೇಕು. ಮನೆ ಹಂಚಿಕೆ ಪಟ್ಟಿ, ಬೆಳೆ ಪರಿಹಾರ ಪಟ್ಟಿ, ಗುತ್ತಿಗೆದಾರನ ಬಿಲ್ಲು, ಟ್ಯಾಂಕ್ ತೊಳೆದ ವಹಿಯಲ್ಲಿ ಸಹಿ ಮಾಡಿದ ನೌಕರ, ಎಲ್ಲದರಲ್ಲೂ ಒಬ್ಬ ವ್ಯಕ್ತಿಯ ಹೆಸರಿದೆ. ಕೂಲಿಕಾರರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಬಯಲಾಗಬಾರದು ಅನ್ನೋದರಲ್ಲಿ ಎರಡು ಮಾತಿಲ್ಲ. ಅದನ್ನು ಮುಚ್ಚಿ ಉಳಿದದ್ದನ್ನು ಕೊಡಲು ಸೆಕ್ಷನ್ 10ರಲ್ಲಿ ಮೊದಲೇ ಅವಕಾಶ ಇತ್ತು, ಈಗಲೂ ಇದೆ.

ಹಾಗಾದರೆ ದಾರಿ ಮುಚ್ಚಿತೇ? ಪೂರ್ತಿ ಇಲ್ಲ. ಸೆಕ್ಷನ್ 8(2) ಇನ್ನೂ ಉಳಿದಿದೆ: ಬಚ್ಚಿಡುವುದರಿಂದ ಆಗುವ ರಕ್ಷಣೆಗಿಂತ ಬಯಲು ಮಾಡುವ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಇನ್ನು ಮುಂದೆ ಹೆಸರುಗಳಿರುವ ದಾಖಲೆ ಕೇಳುವಾಗ ಅರ್ಜಿಯಲ್ಲೇ ಎರಡು ಸಾಲು ಸೇರಿಸಿ: "ಆಧಾರ್, ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ಸೆಕ್ಷನ್ 10ರಂತೆ ಮರೆಮಾಡಿ ಉಳಿದ ಮಾಹಿತಿ ನೀಡಿ. ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ್ದರಿಂದ ಸೆಕ್ಷನ್ 8(2) ಅನ್ವಯಿಸುತ್ತದೆ." ಕಾರಣ ಹೇಳಬೇಕಿಲ್ಲ ಎಂದಿದ್ದ ಕಾಯ್ದೆಯಲ್ಲಿ ಈಗ ಕಾರಣ ಬರೆಯುವ ಸ್ಥಿತಿ ಬಂದಿದೆ. ಆದದ್ದು ಹಿನ್ನಡೆಯೇ. ಆದರೆ ಉಳಿದಿರುವುದನ್ನು ಬಳಸದಿದ್ದರೆ ಅದೂ ಹೋಗುತ್ತೆ.

ಈ ತಿಂಗಳು ಒಂದು ಕೆಲಸ

ಮಾಹಿತಿ ಹಕ್ಕಿನ ಬಗ್ಗೆ ಭಾಷಣ ಕೇಳಿದ್ದೇವೆ, ಪ್ರಬಂಧ ಬರೆದಿದ್ದೇವೆ. ಈ ತಿಂಗಳು ಒಂದು ಅರ್ಜಿ ಬರೆಯಿರಿ. ಮೇಲಿನ ನಾಲ್ಕು ಪ್ರಶ್ನೆಗಳನ್ನೇ ತೆಗೆದುಕೊಳ್ಳಿ, ಯರಗೇರಾ ಇದ್ದಲ್ಲಿ ನಿಮ್ಮೂರಿನ ಹೆಸರು ಹಾಕಿ. ಪಂಚಾಯಿತಿಗೆ ಕೈಯಾರೆ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ರಾಜ್ಯದ ಇಲಾಖೆಗಳಿಗಾದರೆ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಕೂಡ ಇದೆ. ಫೋನಿನ ಕ್ಯಾಲೆಂಡರ್‌ನಲ್ಲಿ 30ನೇ ದಿನಕ್ಕೆ ಒಂದು ರಿಮೈಂಡರ್ ಹಾಕಿ. 31ನೇ ದಿನ ಉತ್ತರ ಇಲ್ಲದಿದ್ದರೆ ಅವತ್ತೇ ಮೇಲ್ಮನವಿ ಬರೆಯಿರಿ. ಉತ್ತರ ಬಂದರೆ ಅದನ್ನು ಓಣಿಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ, ಮುಂದಿನ ಗ್ರಾಮಸಭೆಗೆ ಒಯ್ಯಿರಿ.

ಮೇ ತಿಂಗಳು ಪ್ರತಿ ವರ್ಷ ಬರುತ್ತೆ. ನೀರು ತಳ ಸೇರಿ, ಟ್ಯಾಂಕಿನ ಕೆಸರು ನಲ್ಲಿಗೆ ಬರುವ ತಿಂಗಳು ಅದು. ಆ ಮೂರು ಪ್ರಶ್ನೆಗಳಿಗೆ ಉತ್ತರ ಅದಕ್ಕೂ ಮುಂಚೆ ನಮ್ಮ ಕೈಯಲ್ಲಿರಬೇಕು.